ಮಣಿಕಟ್ಟು ಸಣ್ಣದು, ಮುಂಗೈ ದಪ್ಪ ಮಾಡಬೇಕು

ಮಣಿಕಟ್ಟನ್ನು ದಪ್ಪ ಮಾಡುವ ಕಸರತ್ತು ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಜಿಮ್ಮಿಗೆ ಸೇರಿ ಎರಡು ತಿಂಗಳಾಗುವಷ್ಟರಲ್ಲಿ ಎಷ್ಟೋ ಹುಡುಗರು ಹುಡುಕುವುದು ಇದನ್ನೇ. ಸಿಕ್ಕಿತು ಎಂದುಕೊಂಡು ಆರು ತಿಂಗಳು ಕಳೆಯುವುದೂ ಇದರ ಹಿಂದೆಯೇ. ಮಣಿಕಟ್ಟಿನಲ್ಲಿ ಇರುವುದು ಮುಂಗೈಯ (ಮೊಣಕೈಯಿಂದ ಮಣಿಕಟ್ಟಿನವರೆಗಿನ ಭಾಗ) ಎರಡು ಉದ್ದ ಎಲುಬುಗಳ ತುದಿ, ಅದರಾಚೆ ಎಂಟು ಪುಟ್ಟ ಎಲುಬು, ಇವುಗಳ ಮೇಲೆ ಹಾದುಹೋಗುವ ಸ್ನಾಯುರಜ್ಜು, ಆಮೇಲೆ ಚರ್ಮ. ಉಬ್ಬುವಂಥ ಮಾಂಸ ಅಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹುಡುಗರಲ್ಲಿ ಸುಮಾರು 17ರಿಂದ 19ರ ವಯಸ್ಸಿನೊಳಗೆ ಆ ಎಲುಬುಗಳ ಬೆಳವಣಿಗೆಯ ತುದಿ ಮುಚ್ಚಿಕೊಳ್ಳುತ್ತದೆ, ಹುಡುಗಿಯರಲ್ಲಿ ಇನ್ನೂ ಸ್ವಲ್ಪ ಮುಂಚೆ. ಚಿಕ್ಕಂದಿನಿಂದ ಟೆನಿಸ್ ಆಡಿದವರ ರಾಕೆಟ್ ಹಿಡಿಯುವ ಕೈಯ ಎಲುಬು ಇನ್ನೊಂದು ಕೈಗಿಂತ ದಪ್ಪ ಇರುವುದು ನಿಜ. ಆದರೆ 25ಕ್ಕೆ ಡಂಬೆಲ್ ಹಿಡಿದವರಿಗೆ ಕಣ್ಣಿಗೆ ಕಾಣುವಷ್ಟು ಆ ಲಾಭ ಸಿಗುವುದಿಲ್ಲ.

ಈಗ ಒಂದು ಕೈಯಿಂದ ಇನ್ನೊಂದು ಮುಂಗೈಯನ್ನು ಮೊಣಕೈಯ ಕೆಳಗೆ ಹಿಡಿದುಕೊಂಡು, ಹಾರ್ಮೋನಿಯಂ ನುಡಿಸುವ ಹಾಗೆ ಬೆರಳಾಡಿಸಿ. ಅಲ್ಲಿ ಮಾಂಸ ಹೊರಳುವುದು ಗೊತ್ತಾಗುತ್ತದೆ. ಹಿಡಿದ ಕೈಯನ್ನು ಹಾಗೇ ಮಣಿಕಟ್ಟಿನ ಕಡೆಗೆ ಜಾರಿಸುತ್ತ ಬನ್ನಿ. ಕೊನೆಯ ಮೂರನೇ ಒಂದು ಭಾಗದಲ್ಲಿ ಸಿಗುವುದು ಹುರಿಗಳು, ಅಂದರೆ ಆ ಸ್ನಾಯುರಜ್ಜುಗಳು ಮಾತ್ರ. ನಾವು ಮಾತಿನಲ್ಲಿ ನರ ಅನ್ನುವುದು ಇವನ್ನೇ. ಬೆಳೆಯುವ ಜಾಗವೆಲ್ಲ ಮೊಣಕೈಯ ಕೆಳಗಿನ ಅರ್ಧದಲ್ಲಿದೆ, ಅದರಲ್ಲೂ ಮೇಲಿನ ನಾಲ್ಕೈದು ಇಂಚಿನಲ್ಲಿ. ಮಣಿಕಟ್ಟು ಸಣ್ಣದಿದ್ದವರಿಗೆ ಇಲ್ಲೊಂದು ಲಾಭವೂ ಇದೆ: ಆರೂವರೆ ಇಂಚಿನ ಮಣಿಕಟ್ಟಿನ ಮೇಲೆ ಹನ್ನೊಂದೂವರೆ ಇಂಚಿನ ಮುಂಗೈ ಕೂತರೆ ಅದು ಎಂಟು ಇಂಚಿನ ಮಣಿಕಟ್ಟಿನವನ ಹನ್ನೆರಡು ಇಂಚಿಗಿಂತ ದಪ್ಪಗೆ ಕಾಣುತ್ತದೆ. ಕಣ್ಣು ಅಳೆಯುವುದು ಇಂಚನ್ನಲ್ಲ, ಕೆಳಗಿನದಕ್ಕೂ ಮೇಲಿನದಕ್ಕೂ ಇರುವ ವ್ಯತ್ಯಾಸವನ್ನು.

(ಮುಂಗೈ ಅಂದೆನಲ್ಲ, ಶಾಲೆಯ ಪುಸ್ತಕದಲ್ಲಿ ಅದು ಮುಂದೋಳು, ಜಿಮ್ಮಿನಲ್ಲಿ ಫೋರ್‌ಆರ್ಮ್ಸ್.)

ಶುರುಮಾಡುವ ಮುಂಚೆ ಅಳತೆ ತೆಗೆದಿಡಿ. ದರ್ಜಿಯ ಟೇಪು ಸಾಕು. ಮೊಣಕೈ ಮಡಿಕೆಯಿಂದ ಐದಾರು ಸೆಂ.ಮೀ. ಕೆಳಗೆ ಪೆನ್ನಿನಿಂದ ಒಂದು ಗೆರೆ ಹಾಕಿ, ಕೈಯನ್ನು ನೇರ ಇಳಿಬಿಟ್ಟು, ಮುಷ್ಟಿ ಬಿಗಿಯದೆ ಅಳೆಯಿರಿ. ಕಸರತ್ತು ಮುಗಿಸಿ ಅಳೆದರೆ ರಕ್ತ ತುಂಬಿ ಒಂದು ಸೆಂ.ಮೀ.ವರೆಗೂ ಹೆಚ್ಚು ತೋರಿಸುತ್ತದೆ, ಆ ಅಂಕಿ ಸುಳ್ಳು. ಹಾಗಾಗಿ ಬೆಳಿಗ್ಗೆ, ನಾಲ್ಕು ವಾರಕ್ಕೊಮ್ಮೆ. ಪ್ರತಿವಾರ ಅಳೆಯುವವರಿಗೆ ಸಿಗುವುದು ಬೇಜಾರು ಮಾತ್ರ.

ಯಾವ ಮಾಂಸ ಎಲ್ಲಿದೆ

ಮುಂಗೈಯಲ್ಲಿ ಇಪ್ಪತ್ತರ ಆಸುಪಾಸು ಸ್ನಾಯುಗಳಿವೆ. ಅಷ್ಟನ್ನೂ ಹೆಸರು ಹಿಡಿದು ಕರೆಯುವ ಅಗತ್ಯ ಇಲ್ಲ, ಮೂರು ಗುಂಪು ನೆನಪಿಟ್ಟರೆ ಕೆಲಸ ನಡೆಯುತ್ತದೆ. ಅಂಗೈ ಕಡೆಯ ಗುಂಪು ಮಣಿಕಟ್ಟನ್ನೂ ಬೆರಳುಗಳನ್ನೂ ಒಳಕ್ಕೆ ಮಡಚುತ್ತದೆ. ಗಾತ್ರದಲ್ಲಿ ಇದೇ ದೊಡ್ಡದು. ಕೈಯ ಹಿಂಬದಿಯ ಗುಂಪು ಮಣಿಕಟ್ಟನ್ನು ಮೇಲಕ್ಕೆ ಎತ್ತುತ್ತದೆ, ಬೆರಳು ಬಿಡಿಸುತ್ತದೆ. ಮೂರನೆಯದು ಬ್ರೇಕಿಯೋರೇಡಿಯಾಲಿಸ್ ಅನ್ನುವ ಒಂದೇ ಉದ್ದ ಸ್ನಾಯು. ಮೊಣಕೈಯ ಹೊರಬದಿಯ ಮೇಲಿಂದ ಹೊರಟು ಹೆಬ್ಬೆರಳಿನ ಕಡೆಯ ಎಲುಬಿನ ತುದಿಗೆ ಹೋಗಿ ಅಂಟುತ್ತದೆ. ಮುಷ್ಟಿ ಕಟ್ಟಿ, ಹೆಬ್ಬೆರಳು ಮೇಲಿರುವಂತೆ ಮೊಣಕೈ ಮಡಚಿ, ಇನ್ನೊಂದು ಕೈಯಿಂದ ಮುಷ್ಟಿಯನ್ನು ಕೆಳಗೆ ಒತ್ತಿದರೆ ಹಗ್ಗದಂತೆ ಎದ್ದು ನಿಲ್ಲುವುದು ಇದೇ.

ಮಜಾ ಏನೆಂದರೆ, ಇದು ಮಣಿಕಟ್ಟನ್ನು ಆಡಿಸುವ ಸ್ನಾಯುವೇ ಅಲ್ಲ. ಮೊಣಕೈ ಮಡಚುವುದು ಇದರ ಕೆಲಸ. ಗಂಟೆಗಟ್ಟಲೆ ರಿಸ್ಟ್ ಕರ್ಲ್ (ಮಣಿಕಟ್ಟನ್ನಷ್ಟೇ ಆಡಿಸಿ ತೂಕ ಎತ್ತುವುದು) ಮಾಡಿದರೂ ಇದಕ್ಕೆ ಏನೂ ತಟ್ಟುವುದಿಲ್ಲ. ಎದುರಿನಿಂದ ನೋಡಿದಾಗ ಮುಂಗೈ ಅಗಲವಾಗಿ ಕಾಣಲು ಬಹುಪಾಲು ಕಾರಣ ಈ ಸ್ನಾಯು, ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಅದರ ನಂತರ ಅನ್ಯಾಯವಾಗುವುದು ಹಿಂಬದಿಯ ಗುಂಪಿಗೆ. ಹಿಡಿಯುವ ಕೆಲಸ ದಿನವಿಡೀ ಇರುತ್ತದೆ, ಬಿಡಿಸುವ ಕೆಲಸಕ್ಕೆ ತೂಕ ಯಾರೂ ಕೊಡುವುದಿಲ್ಲ.

ಹ್ಯಾಮರ್ ಕರ್ಲ್ ಮತ್ತು ಅದರ ಅಣ್ಣ

ಮಣಿಕಟ್ಟು ಸಣ್ಣದಿದ್ದವರು ಒಂದೇ ಕಸರತ್ತು ಆರಿಸಬೇಕಾದರೆ ಹ್ಯಾಮರ್ ಕರ್ಲ್ ಆರಿಸಲಿ. ಡಂಬೆಲನ್ನು ಸುತ್ತಿಗೆ ಹಿಡಿದಂತೆ, ಹೆಬ್ಬೆರಳು ಮೇಲೆ ಬರುವಂತೆ ಹಿಡಿದು, ಮೊಣಕೈ ಮಡಚಿ ಎತ್ತುವುದು. ಈ ಹಿಡಿತದಲ್ಲಿ ಮಣಿಕಟ್ಟು ತಿರುಚಿಕೊಳ್ಳುವುದಿಲ್ಲ, ಭಾರ ನೇರ ಎಲುಬಿನ ಮೇಲೆ ಕೂರುತ್ತದೆ. ಅದಕ್ಕೇ ಸಪೂರ ಕೈಗೂ ಇದರಲ್ಲಿ ತೂಕ ಏರಿಸಲು ಧೈರ್ಯ ಬರುತ್ತದೆ. ಮೊಣಕೈ ಪಕ್ಕೆಗೆ ಅಂಟಿರಲಿ. ಎತ್ತಲು ಒಂದು ಸೆಕೆಂಡು, ಇಳಿಸಲು ಮೂರು. ಎಂಟರಿಂದ ಹನ್ನೆರಡು ಸಲ ಎತ್ತಿದರೆ ಒಂದು ಸೆಟ್, ಅಂಥವು ಮೂರು, ನಡುವೆ ಒಂದೂವರೆ ನಿಮಿಷ ಬಿಡುವು. ಹೊಸಬರು 5 ಕೆಜಿಯಿಂದ ಹೊರಡಬಹುದು. ಸೊಂಟ ಹಿಂದಕ್ಕೆ ಬಾಗಿ ಡಂಬೆಲ್ ಮೇಲಕ್ಕೆ ಹಾರುತ್ತಿದ್ದರೆ ತೂಕ ಜಾಸ್ತಿಯಾಯಿತು ಎಂದರ್ಥ. ಆಗ ಕೆಲಸ ಮಾಡುತ್ತಿರುವುದು ಬೆನ್ನು.

ಇದರ ಅಣ್ಣ ರಿವರ್ಸ್ ಕರ್ಲ್: ಅಂಗೈ ನೆಲದ ಕಡೆಗೆ, ಕೈಯ ಹಿಂಬದಿ ಮೇಲೆ. ತೋಳಿನ ಮುಂಬದಿಯ ಸ್ನಾಯು ಬೈಸೆಪ್ಸ್‌ಗೆ ಈ ಹಿಡಿತದಲ್ಲಿ ಬಲ ಹಾಕಲು ಸರಿಯಾಗಿ ಆಗುವುದಿಲ್ಲ, ಬ್ರೇಕಿಯೋರೇಡಿಯಾಲಿಸ್ ತಪ್ಪಿಸಿಕೊಳ್ಳಲು ದಾರಿಯಿಲ್ಲದೆ ದುಡಿಯುತ್ತದೆ. ಜೊತೆಗೆ ಹಿಂಬದಿಯ ಸ್ನಾಯುಗಳು ಮಣಿಕಟ್ಟು ಕುಸಿಯದಂತೆ ಹಿಡಿದಿರಬೇಕು. ಒಂದೇ ಏಟಿಗೆ ಎರಡು ಕೆಲಸ. ಆದರೆ ಎಚ್ಚರ ಬೇಕಾದದ್ದೂ ಇಲ್ಲೇ. ನೇರ ಸರಳು ಹಿಡಿದರೆ ಮಣಿಕಟ್ಟು ಪೂರ್ತಿ ತಿರುಚಿಕೊಂಡು ಕಿರುಬೆರಳ ಕಡೆಗೆ ವಾಲುತ್ತದೆ. ಸಣ್ಣ ಕೀಲಿಗೆ ಇದು ನೋವು ಕೊಡುತ್ತದೆ. ಅಂಕುಡೊಂಕಾದ ಈಝಡ್ ಬಾರ್ ಹಿಡಿಯಿರಿ, ಅಥವಾ ಎರಡು ಡಂಬೆಲನ್ನು ಅಂಗೈ ಸ್ವಲ್ಪ ಒಳಮುಖವಾಗಿರುವಂತೆ. ಮಾಮೂಲಿ ಕರ್ಲ್ 20 ಕೆಜಿಗೆ ಮಾಡುವವರು ಇದಕ್ಕೆ 10 ಅಥವಾ 12 ಕೆಜಿಯಿಂದ ಶುರುಮಾಡಲಿ. ಎತ್ತುವಾಗ ಮುಷ್ಟಿ ಕೆಳಕ್ಕೆ ಜೋತುಬಿದ್ದರೆ ಆ ಸೆಟ್ ಅಲ್ಲಿಗೆ ಮುಗಿಯಿತು. ಜೋತುಬಿದ್ದ ಮಣಿಕಟ್ಟಿನಲ್ಲೇ ಎಳೆದು ಎಳೆದು ಇನ್ನೂ ನಾಲ್ಕು ಮಾಡಿದವರೇ ಎರಡು ತಿಂಗಳ ನಂತರ ಮೊಣಕೈ ಹೊರಬದಿ ಹಿಡಿದುಕೊಂಡು ಓಡಾಡುವುದು.

ರಿಸ್ಟ್ ಕರ್ಲ್, ಅಂಗೈ ಮೇಲೆ ಮತ್ತು ಕೆಳಗೆ

ಬೆಂಚಿನ ಮೇಲೆ ಕೂತು ಮುಂಗೈಯನ್ನು ತೊಡೆಯ ಮೇಲೆ ಇಟ್ಟು, ಮಣಿಕಟ್ಟು ಮಂಡಿಯಿಂದ ಎರಡು ಬೆರಳಷ್ಟು ಆಚೆ ಬರುವಂತೆ ಮಾಡಿ ಮಣಿಕಟ್ಟು ಮಾತ್ರ ಆಡಿಸುವುದು. ಎಲ್ಲರಿಗೂ ಗೊತ್ತಿರುವ ಕಸರತ್ತೇ. ತಪ್ಪಾಗುವುದು ಕೆಳಗಿನ ಕೊನೆಯಲ್ಲಿ. ಮುಷ್ಟಿಯನ್ನು ಪೂರ್ತಿ ಹಿಂದಕ್ಕೆ ಜೋತುಬಿಟ್ಟು, ಬಾರನ್ನು ಬೆರಳ ತುದಿಯವರೆಗೆ ಉರುಳಿಸಿ, ಅಲ್ಲಿಂದ ಝಾಡಿಸಿ ಎತ್ತುತ್ತಾರೆ. ಅಂಗೈ ಬುಡದಲ್ಲಿ ಎಲುಬು ಮತ್ತು ಗಟ್ಟಿ ಪಟ್ಟಿಯ ನಡುವೆ ಕಿರಿದಾದ ಒಂದು ಸುರಂಗ ಇದೆ. ಬೆರಳು ಮಡಚುವ ಒಂಬತ್ತು ಹುರಿಗಳೂ ಮೀಡಿಯನ್ ಅನ್ನುವ ನಿಜವಾದ ನರವೂ (ಬೆರಳಿಗೆ ಸ್ಪರ್ಶ ತಿಳಿಸುವಂಥದ್ದು) ಅದರೊಳಗೇ ಹಾದುಹೋಗಬೇಕು. ಮಣಿಕಟ್ಟು ತೀರಾ ಹಿಂದಕ್ಕೆ ಬಾಗಿದಾಗ ಆ ಸುರಂಗದ ಒಳಗೆ ಒತ್ತಡ ಏರುತ್ತದೆ. ಹಾಗಾಗಿ ನೇರ ರೇಖೆಯಿಂದ ಸ್ವಲ್ಪವೇ ಕೆಳಗೆ ಇಳಿಸಿ, ಮೇಲೆ ಪೂರ್ತಿ ಮಡಚಿ, ಒಂದು ಸೆಕೆಂಡು ಬಿಗಿಹಿಡಿಯಿರಿ. 12ರಿಂದ 20 ಸಲ. ಇಲ್ಲಿ ಐದು ಸಲ ಮಾತ್ರ ಎತ್ತಲಾಗುವ ತೂಕ ಹಾಕುವುದರಲ್ಲಿ ಅರ್ಥವಿಲ್ಲ.

ಮಣಿಕಟ್ಟು ಕಿರಿಕಿರಿ ಮಾಡುವವರಿಗೆ ಇನ್ನೂ ಒಳ್ಳೆಯದು ಬೆನ್ನ ಹಿಂದಿನ ರಿಸ್ಟ್ ಕರ್ಲ್. ಬಾರನ್ನು ತೊಡೆಯ ಎತ್ತರದ ಸ್ಟ್ಯಾಂಡಿನಲ್ಲಿಟ್ಟು, ಬೆನ್ನು ತಿರುಗಿಸಿ ನಿಂತು, ಅಂಗೈ ಹಿಂದಕ್ಕೆ ಮುಖ ಮಾಡಿರುವಂತೆ ಹಿಡಿದು, ಕೈ ನೇರ ಇಟ್ಟೇ ಮುಷ್ಟಿಯನ್ನು ಮೇಲಕ್ಕೆ ಸುರುಳುವುದು. ಈ ಭಂಗಿಯಲ್ಲಿ ಮಣಿಕಟ್ಟು ಹಿಂದಕ್ಕೆ ಅತಿಯಾಗಿ ಬಾಗುವ ಸಂದರ್ಭವೇ ಬರುವುದಿಲ್ಲ.

ಅಂಗೈ ಕೆಳಗೆ ಮಾಡಿ ಮಾಡುವ ರಿವರ್ಸ್ ರಿಸ್ಟ್ ಕರ್ಲ್‌ಗೆ 2 ಅಥವಾ 3 ಕೆಜಿ ಸಾಕು, ನಗುವವರು ನಗಲಿ. 15ರಿಂದ 20 ಸಲ. ಮೇಲೆ ಎತ್ತಿದಾಗ ಗೆಣ್ಣುಗಳು ಚಾವಣಿ ನೋಡಬೇಕು. ಮೂರು ಸೆಟ್ ಆದಮೇಲೆ ಒಂದು ರಬ್ಬರ್ ಬ್ಯಾಂಡನ್ನು ಐದೂ ಬೆರಳ ತುದಿಗೆ ಹಾಕಿ 25 ಸಲ ಬಿಡಿಸಿದರೆ ಹಿಂಬದಿಯ ಉರಿ ಏನೆಂದು ತಿಳಿಯುತ್ತದೆ.

ಸಮ್ಮಟಿಗೆ ಮತ್ತು ಕೋಲು

ಕಬ್ಬಿಣದ ಅಂಗಡಿಯಲ್ಲಿ ಸಿಗುವ ಸುತ್ತಿಗೆಯಷ್ಟು ಅಗ್ಗದ, ಇದಕ್ಕಿಂತ ಒಳ್ಳೆಯ ಮುಂಗೈ ಸಲಕರಣೆ ಜಿಮ್ಮಿನಲ್ಲಿ ಇಲ್ಲ. ಭಾರವೆಲ್ಲ ಒಂದೇ ತುದಿಯಲ್ಲಿ ಇರುವುದೇ ಅದರ ಗುಟ್ಟು. ಮುಷ್ಟಿಯಿಂದ 10 ಸೆಂ.ಮೀ. ದೂರದಲ್ಲಿರುವ ತಲೆ 30 ಸೆಂ.ಮೀ. ದೂರ ಹೋದರೆ ಮಣಿಕಟ್ಟಿನ ಮೇಲೆ ಬೀಳುವ ತಿರುಚುಬಲ ಮೂರು ಪಟ್ಟಾಗುತ್ತದೆ. ತೂಕ ಬದಲಿಸದೆ ಹಿಡಿಯುವ ಜಾಗ ಬದಲಿಸಿಯೇ ಕಸರತ್ತನ್ನು ಕಷ್ಟ ಮಾಡಬಹುದು, ಅದೂ ಒಂದೊಂದೇ ಬೆರಳ ಅಗಲದಷ್ಟು. ಯಾವ ಡಂಬೆಲ್ಲಿಗೂ ಈ ಸೌಕರ್ಯ ಇಲ್ಲ. ಹೊಸಬರಿಗೆ 1 ಕೆಜಿ ಸುತ್ತಿಗೆ, ಆಮೇಲೆ 2 ಕೆಜಿ ಸಮ್ಮಟಿಗೆ. ಕಾವು ಸಡಿಲ ಇದೆಯೇ ಎಂದು ಪ್ರತಿಸಲ ಅಲ್ಲಾಡಿಸಿ ನೋಡಿ. ಸಡಿಲವಿದ್ದರೆ ನೀರಲ್ಲಿ ನೆನೆಸುವುದು ತಾತ್ಕಾಲಿಕ ಉಪಾಯ, ಮರ ಒಣಗಿದ ಕೂಡಲೇ ಮತ್ತೆ ಅದೇ ಕತೆ. ಬೆಣೆ ಹೊಡೆಸಿಕೊಳ್ಳಿ.

ಕೂತು ಮುಂಗೈಯನ್ನು ತೊಡೆಯ ಮೇಲಿಟ್ಟು ಸುತ್ತಿಗೆಯ ತಲೆ ಮೇಲಿರುವಂತೆ ನೆಟ್ಟಗೆ ಹಿಡಿಯಿರಿ. ನಿಧಾನಕ್ಕೆ ಒಳಗಡೆಗೆ, ಅಂಗೈ ನೆಲ ನೋಡುವವರೆಗೆ ವಾಲಿಸಿ, ವಾಪಸ್ ನೆಟ್ಟಗೆ ತನ್ನಿ. ಹತ್ತು ಸಲ. ಆಮೇಲೆ ಹೊರಗಡೆಗೆ, ಅಂಗೈ ಆಕಾಶ ನೋಡುವವರೆಗೆ ವಾಲಿಸಿ ವಾಪಸ್ ತನ್ನಿ, ಮತ್ತೆ ಹತ್ತು. ಎರಡನೆಯದರಲ್ಲಿ ದುಡಿಯುವುದು ಮೊಣಕೈ ಒಳಬದಿಯಿಂದ ಓರೆಯಾಗಿ ಹಾದುಹೋಗುವ ಪ್ರೊನೇಟರ್ ಸ್ನಾಯು. ಮುಂಗೈ ಬುಡದ ಒಳಬದಿ ತುಂಬಿಕೊಳ್ಳುವುದು ಇದರಿಂದ. ಬಳಿಕ ಎದ್ದು ನಿಂತು ಕೈ ಇಳಿಬಿಟ್ಟು, ತಲೆ ಮುಂದಕ್ಕಿರುವಂತೆ ಹಿಡಿದು, ಮಣಿಕಟ್ಟಿನಿಂದಷ್ಟೇ ಎತ್ತಿ ಇಳಿಸಿ. ತಲೆ ಹಿಂದಕ್ಕಿರುವಂತೆ ಹಿಡಿದು ಅದನ್ನೇ ಮಾಡಿ. ಗಾತ್ರಕ್ಕಿಂತ ಹೆಚ್ಚಾಗಿ ಇದು ಕೀಲಿನ ಸುತ್ತ ಭದ್ರತೆ ಕೊಡುತ್ತದೆ, ಸಪೂರ ಮಣಿಕಟ್ಟಿಗೆ ಬೇಕಾಗಿರುವುದೂ ಅದೇ. ಯಾವ ಘಟ್ಟದಲ್ಲೂ ಸುತ್ತಿಗೆಯನ್ನು ಬೀಳಲು ಬಿಡಬಾರದು. ಇಳಿಯುವುದನ್ನು ನೀವೇ ತಡೆಯಬೇಕು.

ಗರಡಿಮನೆಯವರಿಗೆ ಈ ತಿರುಚುಬಲದ ಲೆಕ್ಕ ಕೈಗೆ ಗೊತ್ತಿತ್ತು. ಗದೆ, ಮುದ್ಗರ ಎರಡೂ ದೂರದ ತುದಿಯಲ್ಲಿ ಭಾರ ಇಟ್ಟ ಸಲಕರಣೆಗಳೇ. ಮಟ್ಟಿ (ಕುಸ್ತಿಯ ಕಣದ ಮಣ್ಣು) ಅಗೆದು ಹದಮಾಡುವುದೂ ಸಾಮಿನ ಒಂದು ಭಾಗ, ಗುದ್ದಲಿ ಹಿಡಿದ ಕೈಗೆ ಅದಕ್ಕಿಂತ ಬೇರೆ ವ್ಯಾಯಾಮ ಬೇಕೇ? ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವವರ ಮುಂಗೈ ನೋಡಿದರೂ ಸಾಕು. ಹಳೆಯ ಪೈಲ್ವಾನರ ಗದೆ ಹತ್ತು ಕೆಜಿ ಮೀರಿದ್ದಿರಬಹುದು, ನಮಗೆ ಮೂರು ಸಾಕು. ಮನೆಯಲ್ಲೇ ಮಾಡುವುದಾದರೆ: ಮೂರೂವರೆ ಅಡಿಯ ಗಟ್ಟಿ ಬಿದಿರು ಅಥವಾ ಗುದ್ದಲಿಯ ಕಾವಿನಷ್ಟು ದಪ್ಪದ ಮರದ ಕೋಲು, ಅದರ ಒಂದು ತುದಿಗೆ ಅಡ್ಡಡ್ಡ ನಾಲ್ಕು ಮೊಳೆ ಹೊಡೆದು, ಒಂದೂವರೆ ಲೀಟರಿನ ಪ್ಲಾಸ್ಟಿಕ್ ಡಬ್ಬಿಯ ನಡುವೆ ನಿಲ್ಲಿಸಿ, ಸಿಮೆಂಟು ಮರಳು ಕಲಸಿ ತುಂಬಿ. ಮೊಳೆ ಮರೆತರೆ ಒಂದು ದಿನ ಗದೆಯ ತಲೆ ಜಾರಿ ಹಾರಿ ಎದುರು ಮನೆಯ ಕಿಟಕಿಗೆ ಹೋಗುತ್ತದೆ. ಏಳು ದಿನ ನೀರು ಹಾಕಿ ಕ್ಯೂರಿಂಗ್ ಮಾಡಿ, ಆಮೇಲೆ ಡಬ್ಬಿ ಕೊಯ್ದು ತೆಗೆಯಿರಿ. ಸುಮಾರು ಮೂರು ಕೆಜಿ ಬರುತ್ತದೆ. ಎರಡೂ ಕೈಯಲ್ಲಿ ಹಿಡಿದು ತಲೆಯ ಹಿಂದಿನಿಂದ ಒಂದು ಬದಿಗೆ ಹತ್ತು, ಇನ್ನೊಂದು ಬದಿಗೆ ಹತ್ತು. ಸೂರು ಎತ್ತರ ಇರಲಿ, ಫ್ಯಾನು ನೋಡಿಕೊಳ್ಳಿ.

ರೋಲರ್

ಕಟ್ಟಿಗೆಗೆ ಹಗ್ಗ ಕಟ್ಟಿ ತೂಕ ಸುತ್ತಿ ಎತ್ತುವ ಈ ಸಾಧನಕ್ಕೆ ಬೇಕಾದದ್ದು: ಒಂದು ಇಂಚಿನ ದಪ್ಪಗೋಡೆಯ ಪಿವಿಸಿ ಪೈಪು 45 ಸೆಂ.ಮೀ. (ಹೊರವ್ಯಾಸ ಸುಮಾರು 33 ಮಿ.ಮೀ. ಬರುತ್ತದೆ), ನಡುವೆ 8 ಮಿ.ಮೀ. ತೂತು, 1.2 ಮೀಟರ್ ನೈಲಾನ್ ಹಗ್ಗ, 2.5 ಕೆಜಿ ಪ್ಲೇಟು. ತೆಳು ಪೈಪು ತೂತಿನ ಬಳಿಯೇ ಸೀಳುತ್ತದೆ. ಕೈ ಹಿಡಿಯುವ ಎರಡೂ ಕಡೆ ಹಳೆಯ ಸೈಕಲ್ ಟ್ಯೂಬು ಸುತ್ತಿದರೆ ಬೆವರಿಗೆ ಜಾರುವುದಿಲ್ಲ. ಈ ದಪ್ಪದ ಪೈಪು ಒಂದು ಸುತ್ತಿಗೆ ಸುಮಾರು 10 ಸೆಂ.ಮೀ. ಹಗ್ಗ ನುಂಗುತ್ತದೆ, ಅಂದರೆ ಒಂದು ಮೀಟರ್ ಎತ್ತಲು ಹತ್ತು ಸುತ್ತು. ಪೈಪು ದಪ್ಪವಾದರೆ ಸುತ್ತು ಕಡಿಮೆ, ಆದರೆ ಪ್ರತಿ ಸುತ್ತಿಗೆ ಬೇಕಾದ ಬಲ ಜಾಸ್ತಿ.

ಕೈಯನ್ನು ಮುಂದಕ್ಕೆ ಚಾಚಿ ಮಾಡುವುದು ವಾಡಿಕೆ. ಹಾಗೆ ಮಾಡಿದರೆ ಮುಂಗೈಗಿಂತ ಮೊದಲು ಭುಜ ಸೋಲುತ್ತದೆ. ಮುಂಗೈಯನ್ನು ಎದೆಯೆತ್ತರದ ಕಟ್ಟೆಯ ಮೇಲೋ ರ್‍ಯಾಕಿನ ಸರಳಿನ ಮೇಲೋ ಊರಿ, ಮಣಿಕಟ್ಟು ಮಾತ್ರ ಆಚೆ ಬಿಟ್ಟು ಮಾಡಿ. ಅಂಗೈ ಕೆಳಗಿರುವ ಹಿಡಿತದಲ್ಲಿ ಪೈಪಿನ ಮೇಲ್ಭಾಗ ನಿಮ್ಮ ಕಡೆಗೆ ತಿರುಗಿದರೆ ಹಿಂಬದಿಯ ಸ್ನಾಯುಗಳಿಗೆ ಕೆಲಸ. ನಿಮ್ಮಿಂದ ಆಚೆಗೆ ತಿರುಗಿದರೆ ಅಂಗೈ ಕಡೆಯವಕ್ಕೆ. ಒಂದು ದಿಕ್ಕು ಮಾತ್ರ ಮಾಡುವವರು ಬಹಳ. ಎರಡೂ ಮಾಡಿ. ಇಳಿಸುವಾಗ ಹಗ್ಗ ಬುರ್ರೆಂದು ಬಿಚ್ಚಿಕೊಳ್ಳಲು ಬಿಟ್ಟರೆ ಅರ್ಧ ಕಸರತ್ತು ಹಾಳು.

ಹಿಡಿತ, ಬಕೆಟು, ಟವೆಲು

ಎರಡು ಬಕೆಟಿಗೆ ತಲಾ 15 ಲೀಟರ್ ನೀರು ತುಂಬಿ, ಹಿಡಿಗೆ ಬಟ್ಟೆ ಸುತ್ತಿ, 30 ಮೀಟರ್ ನಡೆಯಿರಿ. ನಾಲ್ಕು ಸಲ. ನೀರು ತುಳುಕುತ್ತಿದೆ ಅಂದರೆ ನಡಿಗೆ ತೂಗಾಡುತ್ತಿದೆ ಅಂತ. 15 ಲೀಟರ್ ಸುಲಭ ಅನ್ನಿಸಿದಾಗ ನೀರಿನ ಬದಲು ಮರಳು ತುಂಬಿದರೆ ಅಷ್ಟೇ ಜಾಗದಲ್ಲಿ ಒಂದೂವರೆ ಪಟ್ಟು ತೂಕ. ಬಕೆಟಿನ ಕಿವಿ ತಡೆಯುತ್ತದೆಯೇ ನೋಡಿಕೊಳ್ಳಿ. ಸರಳಿನ ಮೇಲೆ ಹಳೆಯ ಟವೆಲ್ ಹಾಕಿ ಎರಡು ತುದಿ ಹಿಡಿದು 20ರಿಂದ 30 ಸೆಕೆಂಡು ನೇತಾಡುವುದು ಇನ್ನೊಂದು. ಆಗದಿದ್ದರೆ ಕಾಲನ್ನು ಸ್ಟೂಲಿನ ಮೇಲಿಟ್ಟು ಅರ್ಧ ಭಾರ ಹಾಕಿ.

ಎಳೆಯಲು, ನೇತಾಡಲು ಸರಳನ್ನು ಹಿಡಿಯುವಾಗ ಅಂಗೈ ನಡುವಿಗೆ ಒತ್ತಬೇಡಿ, ಬೆರಳು ಶುರುವಾಗುವ ಗೆರೆಯಲ್ಲಿ ಕೂರಿಸಿ. ನಡುವಿಗೆ ಒತ್ತಿದರೆ ಚರ್ಮ ಮಡಚಿಕೊಂಡು ಜಡ್ಡು ಹರಿದು ಕಿತ್ತುಬರುತ್ತದೆ, ಒಂದು ವಾರ ಏನನ್ನೂ ಹಿಡಿಯಲಾಗುವುದಿಲ್ಲ.

ಹಿಡಿ ದಪ್ಪ ಮಾಡುವ ರಬ್ಬರ್ ಕವಚಗಳು ಮಾರುಕಟ್ಟೆಯಲ್ಲಿವೆ. ಮಣಿಕಟ್ಟು ಸಣ್ಣದಿದ್ದವರ ಅಂಗೈಯೂ ಸಾಮಾನ್ಯವಾಗಿ ಚಿಕ್ಕದು; ಎರಡು ಇಂಚಿಗೂ ಮೀರಿದ ದಪ್ಪ ಅವರಿಗೆ ಹಿಡಿತವೇ ಅಲ್ಲ, ಬೆರಳ ತುದಿಯಲ್ಲಿ ನೇತುಹಾಕಿದ ಹಾಗೆ. ಕೈ ಒರೆಸುವ ತೆಳು ಟವೆಲ್ ಒಂದೆರಡು ಸುತ್ತು ಸುತ್ತಿ ಒಂದೂವರೆ ಇಂಚಿಗೆ ತಂದರೆ ಸಾಕು. ಪುರುಷರ ವೇಟ್‌ಲಿಫ್ಟಿಂಗ್ ಬಾರ್ 28 ಮಿ.ಮೀ., ಮಹಿಳೆಯರದು 25 ಮಿ.ಮೀ. ಅನ್ನುವುದು ನೆನಪಿರಲಿ. ಮೂರು ಮಿಲಿಮೀಟರಿಗೇ ಹಿಡಿತ ಎಷ್ಟು ಬದಲಾಗುತ್ತದೆಂದು ಎರಡನ್ನೂ ಹಿಡಿದವರಿಗೆ ಗೊತ್ತು.

ಸ್ಪ್ರಿಂಗಿನ ಹ್ಯಾಂಡ್ ಗ್ರಿಪ್ಪರ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಮುಷ್ಟಿ ಬಿಗಿಯುವ ಶಕ್ತಿಗೆ ಒಳ್ಳೆಯದು, ಗಾತ್ರಕ್ಕೆ ಅಷ್ಟಕ್ಕಷ್ಟೇ. ಬೆರಳು ಮಡಚುವ ಸ್ನಾಯುಗಳಿಗೆ ಮಾತ್ರ ಕೆಲಸ, ಅದೂ ಸಣ್ಣ ಅಂತರದಲ್ಲಿ. ಮಣಿಕಟ್ಟು ಅಲ್ಲಾಡುವುದೇ ಇಲ್ಲ, ಬ್ರೇಕಿಯೋರೇಡಿಯಾಲಿಸ್‌ಗೆ ಸುದ್ದಿಯೂ ಹೋಗುವುದಿಲ್ಲ. ಪಂಜಾ ಕುಸ್ತಿಯನ್ನಂತೂ ಕಸರತ್ತು ಅಂದುಕೊಳ್ಳಲೇಬೇಡಿ. ತಿರುಚುವ ಬಲಕ್ಕೆ ತೋಳಿನ ಎಲುಬೇ ಸುರುಳಿಯಾಗಿ ಮುರಿಯುವ ಪ್ರಕರಣ ಮೂಳೆ ವೈದ್ಯರಿಗೆ ಹೊಸದಲ್ಲ.

ವಾರದ ಲೆಕ್ಕ

ಮುಂಗೈ ಕಸರತ್ತನ್ನು ಬೆನ್ನು ಅಥವಾ ಬೈಸೆಪ್ಸ್ ಮಾಡುವ ದಿನದ ಕೊನೆಗೆ ಇಡಿ, ಆರಂಭಕ್ಕಲ್ಲ. ಹಿಡಿತ ಮೊದಲೇ ಸುಸ್ತಾದರೆ ಪುಲ್‌ಅಪ್ (ಸರಳಿಗೆ ನೇತು ಮೈ ಎತ್ತುವುದು), ಡೆಡ್‌ಲಿಫ್ಟ್ (ನೆಲದಿಂದ ಬಾರ್ ಎತ್ತುವುದು) ಎಲ್ಲ ಕೆಡುತ್ತವೆ. ಸೋಮವಾರ ಹ್ಯಾಮರ್ ಕರ್ಲ್ ಮೂರು ಸೆಟ್, ರಿಸ್ಟ್ ಕರ್ಲ್ ಮೂರು. ಗುರುವಾರ ರಿವರ್ಸ್ ಕರ್ಲ್ ಮೂರು, ರಿವರ್ಸ್ ರಿಸ್ಟ್ ಕರ್ಲ್ ಮೂರು, ಸುತ್ತಿಗೆ ಎರಡು. ಶನಿವಾರ ಬಕೆಟು ಮತ್ತು ಟವೆಲು. ಮೊದಲ ನಾಲ್ಕು ವಾರ ಇದರ ಅರ್ಧ ಮಾತ್ರ. ಮಾಂಸ ಬೇಗ ಹೊಂದಿಕೊಳ್ಳುತ್ತದೆ, ಹುರಿಗಳು ತಡ ಮಾಡುತ್ತವೆ. ಅವಸರ ಮಾಡಿದವರಿಗೆ ಮೂರನೇ ತಿಂಗಳಲ್ಲಿ ನೋವು ಬರುವುದು ಈ ಅಂತರದಿಂದಲೇ. ಗಾರೆ ಕೆಲಸದವರ, ಅಡಿಕೆ ಕೊನೆ ಕೊಯ್ಯುವವರ, ದೊಡ್ಡ ತಪ್ಪಲೆಯಲ್ಲಿ ಮುದ್ದೆ ತೊಳಸುವವರ ಮುಂಗೈ ನೋಡಿ ದಿನವೂ ಮಾಡಬೇಕು ಅನ್ನಿಸಬಹುದು. ಆದರೆ ಅವರ ಹುರಿಗಳಿಗೆ ಹದಿಹರೆಯದಿಂದ ವರ್ಷಗಟ್ಟಲೆ ಅಭ್ಯಾಸ ಆಗಿದೆ.

ತೂಕ ಏರಿಸುವಾಗ ಜಿಮ್ಮಿನ ಡಂಬೆಲ್ ಸಾಲು ಮೋಸ ಮಾಡುತ್ತದೆ. 5 ಕೆಜಿಯ ಪಕ್ಕದಲ್ಲಿರುವುದು 7.5. ದೊಡ್ಡ ಸ್ನಾಯುವಿಗೆ ಎರಡೂವರೆ ಕೆಜಿ ಏನೂ ಅಲ್ಲ, ಮುಂಗೈಗೆ ಅದು ಒಂದೇ ಸಲಕ್ಕೆ ಅರ್ಧದಷ್ಟು ಹೆಚ್ಚಳ. ಎರಡು ದಾರಿಗಳಿವೆ. ಒಂದೋ 12ಕ್ಕೆ ನಿಲ್ಲದೆ 20 ಸಲ ಬರುವವರೆಗೆ ಅದೇ ತೂಕದಲ್ಲಿ ಮುಂದುವರಿಯಿರಿ, ಆಮೇಲೆ 7.5 ಹಿಡಿದರೆ ಎಂಟೊಂಬತ್ತು ಬರುತ್ತದೆ. ಇಲ್ಲವೇ ಕಾಲು ಕೆಜಿ ಮರಳಿನ ಎರಡು ಪೊಟ್ಟಣ ಮಾಡಿ, ಸೈಕಲ್ ಟ್ಯೂಬಿನ ಉಂಗುರದಿಂದ ಡಂಬೆಲ್ಲಿನ ಎರಡೂ ತಲೆಗೆ ಒಂದೊಂದು ಬಿಗಿಯಿರಿ. ಒಂದೇ ತಲೆಗೆ ಕಟ್ಟಿದರೆ ಅದು ಸುತ್ತಿಗೆಯಾಗುತ್ತದೆ.

ಡೆಡ್‌ಲಿಫ್ಟಿಗೆ ಮೊದಲ ಸೆಟ್‌ನಿಂದಲೇ ಸ್ಟ್ರ್ಯಾಪ್ (ಕೈಯನ್ನು ಬಾರಿಗೆ ಕಟ್ಟುವ ಪಟ್ಟಿ) ಕಟ್ಟುವ ಅಭ್ಯಾಸ ಬಿಡಿ. ಹಗುರ ಸೆಟ್‌ಗಳು ಬರಿಗೈಯಲ್ಲಿ, ಕೊನೆಯ ಭಾರಿ ಸೆಟ್ ಬೇಕಿದ್ದರೆ ಸ್ಟ್ರ್ಯಾಪ್‌ನಲ್ಲಿ. ಮಲಗಿ ಮೇಲಕ್ಕೆ ತಳ್ಳುವ ಬೆಂಚ್ ಪ್ರೆಸ್‌ನಲ್ಲಿ ಬಾರ್ ಬೆರಳ ಬುಡದಲ್ಲಿ ಕೂತರೆ ಮಣಿಕಟ್ಟು ಹಿಂದಕ್ಕೆ ಮುರಿದಂತೆ ಬಾಗುತ್ತದೆ. ಅಂಗೈಯ ಬುಡದಲ್ಲಿ, ಮುಂಗೈ ಎಲುಬಿನ ನೇರಕ್ಕೆ ಕೂರಿಸಿ. ದಂಡ ಹೊಡೆಯುವಾಗ ಮಣಿಕಟ್ಟು ನೋಯುತ್ತಿದ್ದರೆ ಎರಡು ಡಂಬೆಲ್ ನೆಲಕ್ಕಿಟ್ಟು ಅದರ ಹಿಡಿ ಹಿಡಿದು ಹೊಡೆಯಿರಿ.

ಊಟದ ಮಾತು ಚಿಕ್ಕದು. 55 ಕೆಜಿಯಲ್ಲೇ ಇದ್ದುಕೊಂಡು ಮುಂಗೈ ಮಾತ್ರ ದಪ್ಪ ಆಗಬೇಕೆಂದರೆ ಆಗುವುದಿಲ್ಲ. ಮೈತೂಕ ಏರಿದರೆ ಅದೂ ಏರುತ್ತದೆ. ಮೈತೂಕದ ಪ್ರತಿ ಕೆಜಿಗೆ ದಿನಕ್ಕೆ 1.6 ಗ್ರಾಂ ಆಸುಪಾಸು ಪ್ರೋಟೀನ್ ಬೇಕು. 60 ಕೆಜಿಯವರಿಗೆ 96 ಗ್ರಾಂ. ಅನ್ನ ಸಾರಿನಲ್ಲಿ ಅಷ್ಟು ಬರುವುದಿಲ್ಲ. ಒಣ ಸೋಯಾ ಚಂಕ್ಸ್ 50 ಗ್ರಾಂಗೆ ಸುಮಾರು 26 ಗ್ರಾಂ, ಮೂರು ಮೊಟ್ಟೆಗೆ 18, ಅರ್ಧ ಲೀಟರ್ ಹಾಲಿಗೆ 16, ಕಡಲೆಕಾಯಿ 50 ಗ್ರಾಂಗೆ 12ರಷ್ಟು. ಉಳಿದದ್ದು ಬೇಳೆ, ಕಾಳು, ಮೊಸರಿನಿಂದ.

ನೋವು ಎಲ್ಲಿ, ಏಕೆ

ಮೊಣಕೈಯ ಹೊರಬದಿ ನೋವು, ಅಂಗೈ ಕೆಳಗೆ ಮಾಡಿ ನೀರಿನ ಜಗ್ ಎತ್ತಿದರೆ ಚುಚ್ಚಿದ ಹಾಗೆ: ಇದು ಟೆನಿಸ್ ಎಲ್ಬೋ, ಕಾರಣ ಸಾಮಾನ್ಯವಾಗಿ ರಿವರ್ಸ್ ಕರ್ಲ್‌ನ ಅತಿ ತೂಕ. ಒಳಬದಿ ನೋವು, ಬಟ್ಟೆ ಹಿಂಡುವಾಗ ಜಾಸ್ತಿ: ಗಾಲ್ಫರ್ಸ್ ಎಲ್ಬೋ, ಕಾರಣ ಪುಲ್‌ಅಪ್ಪಿನ ಜೊತೆಗೆ ಸೇರಿಕೊಂಡ ಅತಿ ರಿಸ್ಟ್ ಕರ್ಲ್. ಎರಡಕ್ಕೂ ಪೂರ್ತಿ ವಿಶ್ರಾಂತಿಗಿಂತ ತೂಕ ಇಳಿಸಿ ಮುಂದುವರಿಯುವುದು ಮೇಲು. ನೋವು ತಡೆಯುವಷ್ಟು ಹಗುರ ತೂಕವನ್ನು ನಡು ಎತ್ತರದಲ್ಲಿ ಅಲ್ಲಾಡದೆ 30ರಿಂದ 45 ಸೆಕೆಂಡು ಹಿಡಿಯುವುದು, ನಾಲ್ಕು ಸಲ. ಎರಡು ವಾರದ ನಂತರ ನಿಧಾನಕ್ಕೆ ಇಳಿಸುವ ಕಸರತ್ತು. ನೋಯುವ ಜಾಗವನ್ನು ಜಗ್ಗಿ ಜಗ್ಗಿ ಸ್ಟ್ರೆಚ್ ಮಾಡುವುದರಿಂದ ಕೆಡುವುದೇ ಹೆಚ್ಚು.

ಹೆಬ್ಬೆರಳ ಬುಡದಲ್ಲಿ ನೋವಿದ್ದು, ಹೆಬ್ಬೆರಳನ್ನು ಮುಷ್ಟಿಯೊಳಗಿಟ್ಟು ಕಿರುಬೆರಳ ಕಡೆ ವಾಲಿಸಿದಾಗ ಪ್ರಾಣ ಹೋದಂತಾದರೆ ಅದು ಹೆಬ್ಬೆರಳ ಹುರಿಗಳ ಕವಚದ ಊತ. ದಿನವಿಡೀ ಮೊಬೈಲ್ ಉಜ್ಜುವವರಿಗೆ ಸುತ್ತಿಗೆಯ ಕಸರತ್ತು ಇದನ್ನು ಕೆರಳಿಸಬಹುದು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ಬೈಕಿನ ಕ್ಲಚ್ ಹಿಡಿದು ಬಂದ ಎಡಗೈ ಆಗಲೇ ಒಂದು ಕಸರತ್ತು ಮುಗಿಸಿರುತ್ತದೆ ಎನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಆ ಸಂಜೆ ಟವೆಲ್ಲಿಗೆ ನೇತಾಡುವ ಹಟ ಬೇಡ.

ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ಅಂಗೈ ಬುಡದ ಆ ಸುರಂಗದಲ್ಲಿ ಮೀಡಿಯನ್ ನರ ಒತ್ತಿಕೊಳ್ಳುತ್ತಿದೆ. ಕಿರುಬೆರಳು ಜೋಮು ಹಿಡಿದರೆ ಮೊಣಕೈಯ ಬಳಿಯ ಬೇರೊಂದು ನರ. ಇವೆರಡರಲ್ಲಿ ಯಾವುದಿದ್ದರೂ ರಿಸ್ಟ್ ಕರ್ಲ್ ನಿಲ್ಲಿಸಿ ಮೂಳೆ ವೈದ್ಯರ ಬಳಿ ಹೋಗಿ, ಜಿಮ್ಮಿನವರ ಬಳಿ ಅಲ್ಲ.

ಮೊದಲ ವರ್ಷದಲ್ಲಿ ಅರ್ಧ ಇಂಚು ಬಂದರೆ ಕೆಲಸ ಸರಿಯಾಗಿ ನಡೆದಿದೆ, ಮುಕ್ಕಾಲು ಬಂದರೆ ಭೇಷ್. ನಾಲ್ಕು ತಿಂಗಳಾದರೂ ಟೇಪು ಅಲ್ಲಾಡದಿದ್ದರೆ ಮೊದಲು ಮೈತೂಕ ನೋಡಿ. ಅದೂ ಅಲ್ಲಾಡಿಲ್ಲವೆಂದರೆ ತಟ್ಟೆಯದೇ ತೊಂದರೆ. ಮೈತೂಕ ಏರಿದೆ, ಮುಂಗೈ ಮಾತ್ರ ಹಾಗೇ ಇದೆ ಅಂದರೆ ಹ್ಯಾಮರ್ ಮತ್ತು ರಿವರ್ಸ್ ಕರ್ಲ್‌ಗೆ ತಲಾ ಒಂದು ಸೆಟ್ ಸೇರಿಸಿ, ರಿಸ್ಟ್ ಕರ್ಲ್‌ನಿಂದ ಒಂದು ತೆಗೆಯಿರಿ. ಅಂದಹಾಗೆ 44 ಮಿ.ಮೀ. ಡಯಲಿನ ವಾಚು ಕಟ್ಟಿ ಮಣಿಕಟ್ಟನ್ನು ದಪ್ಪ ತೋರಿಸಲು ಹೋಗಬೇಡಿ. ಅಷ್ಟು ದೊಡ್ಡ ಡಯಲು ಸಣ್ಣ ಮಣಿಕಟ್ಟನ್ನು ಇನ್ನೂ ಸಣ್ಣದಾಗಿ ತೋರಿಸುತ್ತದೆ. 36 ಅಥವಾ 38 ಮಿ.ಮೀ. ಸಾಕು, ಅಂಗಿಯ ತೋಳನ್ನು ಮೊಣಕೈಯವರೆಗೆ ಮಡಚಿಕೊಳ್ಳಿ.